ದಡದಲ್ಲಿಲ್ಲದ ಚಪ್ಪಲಿ

ನಮ್ಮಪ್ಪನಿಗೆ ಈಜು ಬರುತ್ತಿರಲಿಲ್ಲ.

ಇದೇನೂ ಮಹಾ ಕೊರತೆಯಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಉಳಿದವರು ಬರುತ್ತದೆ ಎಂದು ಹೇಳಿಕೊಂಡಿರಲಿಲ್ಲ, ಅಪ್ಪ ಹೇಳಿಕೊಂಡಿದ್ದರು. ಮದುವೆಯ ಮಾತುಕತೆಗೆ ಹೋದ ದಿನ ಮಾತಿಗೆ ಮಾತು ಬೆಳೆದು, ತುಂಬಿದ ಹೊಳೆಗೆ ಸೇತುವೆ ಮೇಲಿಂದ ಹಾರಿ ಒಬ್ಬ ಮುದುಕನನ್ನು ಎಳೆದು ತಂದೆ ಎಂದುಬಿಟ್ಟಿದ್ದರು. ಆಮೇಲೆ ಆ ಕಥೆ ಅವರನ್ನು ಬಿಡಲಿಲ್ಲ. ವರ್ಷ ವರ್ಷವೂ ಹೊಳೆ ಅಗಲವಾಯಿತು, ಸೇತುವೆ ಎತ್ತರವಾಯಿತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಮುದುಕನ ಜೊತೆ ಒಂದು ಹಸುವೂ ಸೇರಿಕೊಂಡಿತ್ತು. ಒಂದು ತೋಳಿನಲ್ಲಿ ಮುದುಕ, ಇನ್ನೊಂದರಲ್ಲಿ ಹಸುವಿನ ಕೊರಳು. ಹಾಗಾದರೆ ಈಜಿದ್ದು ಯಾವುದರಲ್ಲಿ ಎಂದು ಯಾರೂ ಕೇಳಲಿಲ್ಲ.

ಅಪ್ಪ ಕೆಲಸಕ್ಕಿದ್ದದ್ದು ಫ್ಲಾಸ್ಕ್ ಕಂಪನಿಯ ದೂರು ವಿಭಾಗದಲ್ಲಿ. ಕಾಫಿ ತಣ್ಣಗಾಯಿತು, ಒಳಗಿನ ಗಾಜು ಒಡೆಯಿತು, ಮುಚ್ಚಳ ತಿರುಗುತ್ತಿಲ್ಲ ಎಂದು ಫೋನಿನಲ್ಲಿ ಅರಚುವವರನ್ನು ಸಮಾಧಾನ ಮಾಡುವುದು ಅವರ ಕೆಲಸ. "ಸಾರ್, ನಿಮ್ಮ ದೂರು ನಮಗೆ ತಲುಪಿದೆ. ಈಗ ನಿಧಾನವಾಗಿ ಹೇಳಿ." ಈ ಎರಡು ವಾಕ್ಯದ ಮೇಲೆ ನಮ್ಮ ಮನೆ ನಡೆದಿತ್ತು, ನನ್ನ ಹಾಸ್ಟೆಲಿನ ಊಟ ನಡೆಯುತ್ತಿತ್ತು. ಈಚೆಗೆ ಗಾಜಿನ ಫ್ಲಾಸ್ಕ್ ಕೊಳ್ಳುವವರು ಕಡಿಮೆಯಾದರು. ಕೊಳ್ಳದವರು ದೂರುವುದೂ ಇಲ್ಲ. ಬೇಸಿಗೆ ಮುಗಿಯುವುದರೊಳಗೆ ಕಂಪನಿ ಬಾಗಿಲು ಹಾಕುತ್ತದೆ ಎಂದು ಮ್ಯಾನೇಜರು ತಿಳಿಸಿದರು. ಆ ಸುದ್ದಿಯ ಬಗ್ಗೆ ದೂರು ಕೊಡೋಣವೆಂದರೆ ದೂರು ವಿಭಾಗದಲ್ಲಿ ಉಳಿದಿದ್ದವರು ಅಪ್ಪ ಒಬ್ಬರೇ.

ಅದೇ ವೇಳೆಗೆ ನಮ್ಮ ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ನಗರಸಭೆಯ ಈಜುಕೊಳ ಏಳುತ್ತಿತ್ತು. ಅದಕ್ಕೊಬ್ಬ ಜೀವರಕ್ಷಕ ಬೇಕಾಗಿದ್ದ. ಎದುರುಮನೆಯ ಇನ್ಶೂರೆನ್ಸ್ ಏಜೆಂಟರು ಒಂದು ಬೆಳಿಗ್ಗೆ ಬಾಗಿಲು ತಟ್ಟಿದರು. ಅವರನ್ನು ಬೀದಿಯೆಲ್ಲ ಇನ್ಶೂರೆನ್ಸ್ ಎಂದೇ ಕರೆಯುತ್ತಿತ್ತು, ಅವರ ಹೆಂಡತಿಯೂ.

"ಸಾರ್, ನಿಮ್ಮ ಹೆಸರು ಕೊಟ್ಟು ಬಂದೆ!"

"ಯಾವುದಕ್ಕೆ?" ಎಂದರು ಅಪ್ಪ, ಹಲ್ಲುಜ್ಜುತ್ತಾ.

"ಈಜುಕೊಳಕ್ಕೆ! ಮುದುಕನ್ನ, ಹಸೂನ ಒಟ್ಟಿಗೆ ಎತ್ತಿದೋರು ನಮ್ಮ ಬೀದೀಲೇ ಇರುವಾಗ ಹೊರಗಿನೋರು ಯಾಕೆ ಅಂದೆ. ಆರೋಗ್ಯಾಧಿಕಾರಿ ಎದ್ದು ನಿಂತು ಕೇಳಿದ್ರು. ಬೇಸಿಗೆ ಕೊನೇಲಿ ಒಂದು ಪರೀಕ್ಷೆ ಮಾಡ್ತಾರಂತೆ, ಅದು ಸುಮ್ನೆ ನೆಪಕ್ಕೆ."

ಅಪ್ಪ ಪೇಸ್ಟು ನುಂಗಿದರು.

ಒಳಗೆ ಬಂದು ಅಮ್ಮನ ಮುಖ ನೋಡಿದರು. ಅಮ್ಮ ಅವರ ಮುಖ ನೋಡಿದಳು. "ಒಳ್ಳೇದೇ ಆಯ್ತಲ್ಲ. ಇರೋ ಕೆಲಸ ಹೋಗ್ತಾ ಇದೆ, ಇದು ಬರ್ತಾ ಇದೆ," ಎಂದು ಹೇಳಿ ಪಾತ್ರೆ ತೊಳೆಯಲು ಹೋದಳು. ಪಾತ್ರೆಗಳು ಅವತ್ತು ಸ್ವಲ್ಪ ಜೋರಾಗಿ ಸದ್ದು ಮಾಡಿದವು.

ಹೀಗೆ ಅಪ್ಪನ ಅಧ್ಯಯನ ಆರಂಭವಾಯಿತು. ನಾನು ರಜೆಗೆ ಬರುವಾಗ ಹಾಸ್ಟೆಲ್ ಲೈಬ್ರರಿಯಿಂದ ಈಜು ಮತ್ತು ಜೀವರಕ್ಷಣೆಯ ಮೇಲಿನ ಒಂದು ದಪ್ಪ ಪುಸ್ತಕ ತಂದುಕೊಟ್ಟೆ. ಅದನ್ನು ನನಗಿಂತ ಮುಂಚೆ ಯಾರೂ ತೆಗೆದುಕೊಂಡಿರಲಿಲ್ಲ, ಪುಟಗಳು ಒಂದಕ್ಕೊಂದು ಅಂಟಿದ್ದವು. ಅಪ್ಪ ಹಜಾರದ ಬೆಂಚಿನ ಮೇಲೆ ಬೋರಲು ಮಲಗಿ, ಪುಸ್ತಕವನ್ನು ನೆಲದ ಮೇಲಿಟ್ಟುಕೊಂಡು, ಕೈಕಾಲು ಬಡಿಯುತ್ತಾ ಓದುತ್ತಿದ್ದರು. ಅಮ್ಮ ಬೆಂಚಿನ ಕೆಳಗೆ ಗುಡಿಸುತ್ತಿದ್ದಳು.

"ರೀ, ಆ ಕಾಲು ಎತ್ತಿ."

"ಈಗ ಎತ್ತೋ ಹಾಗಿಲ್ಲ. ಉಸಿರು ಬಿಡೋ ಘಟ್ಟದಲ್ಲಿದ್ದೀನಿ."

ಬೆಂಚಿನ ಮೇಲೆ ಅಪ್ಪ ಮುಳುಗಿದ್ದು ಒಂದೇ ಸಲ, ಅದೂ ಬೆಂಚಿನ ಕಾಲು ಮುರಿದಾಗ. ಈಜಿನ ಅಧ್ಯಾಯಗಳು ಮೈಗೆ ಹತ್ತಲಿಲ್ಲ. ಜೀವರಕ್ಷಣೆಯ ಅಧ್ಯಾಯಗಳು ಮಾತ್ರ ಬಾಯಿಪಾಠವಾದವು. ಅಪ್ಪನಿಗೆ ನಿಯಮಗಳೆಂದರೆ ಮೊದಲಿಂದಲೂ ಪ್ರೀತಿ.

ಆದರೂ ನೀರು ಬೇಕಿತ್ತು. ಊರೊಳಗೆ ಕಲಿತರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಪ್ರತಿ ಶನಿವಾರ ನಾವು ಮೂವರೂ ಬಸ್ಸು ಹತ್ತಿ ಹೊರಗೆ ಹೋಗುವುದೆಂದು ತೀರ್ಮಾನವಾಯಿತು. ಮದುವೆಯಾದಾಗಿನಿಂದ ಅಮ್ಮನನ್ನು ಅಪ್ಪ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವಳು ಹೊಸ ಬ್ಯಾಗು ಕೊಂಡಳು, ಹಾಸಲು ಚಾಪೆ ಕಟ್ಟಿದಳು, ತಂಪು ಕನ್ನಡಕ ಹಾಕಿಕೊಂಡಳು. ಅಪ್ಪ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೊದಲನೆಯದು ಕೆರೆ. ನೀರಿನಲ್ಲಿ ಏನಾದರೂ ಕಚ್ಚೀತೆಂದು ಅಪ್ಪ ಚಪ್ಪಲಿ ಹಾಕಿಕೊಂಡೇ ಇಳಿದರು. ಮೊಣಕಾಲುದ್ದದ ನೀರಿನಲ್ಲಿ ಪಾಚಿ ಮೆಟ್ಟಿ ಜಾರಿದರು. ಆಮೇಲೆ ಕಂಡದ್ದು ಒಂದು ಕೈ ಮಾತ್ರ. ದೋಣಿಯವನೊಬ್ಬ ಹುಟ್ಟು ಚಾಚಿ ಎಳೆದುಹಾಕಿದ. ಅಮ್ಮ ಮರದ ನೆರಳಿನಿಂದ ಎದ್ದು ಬಂದು ಅಪ್ಪ ಉಸಿರಾಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಟವೆಲು ಕೊಟ್ಟು, ಮತ್ತೆ ಹೋಗಿ ಕುಳಿತಳು.

ದಡದಲ್ಲಿ ಜನ ಸೇರಿದರು. ಸ್ಥಳೀಯ ಪತ್ರಿಕೆಯವನೊಬ್ಬ ಫೋಟೋ ತೆಗೆದು ಹೆಸರು ಕೇಳಿದ. ಅಪ್ಪ ನಾಚಿಕೆಯಿಂದ, "ಹೆಸರೆಲ್ಲ ಬೇಡ, ಬಿಡಿ," ಎಂದರು.

ಸೋಮವಾರ ಇನ್ಶೂರೆನ್ಸ್ ಪತ್ರಿಕೆಯನ್ನು ಬಾವುಟದಂತೆ ಹಿಡಿದುಕೊಂಡು ಓಡಿ ಬಂದರು. "ಕೆರೆಯಲ್ಲಿ ಮುಳುಗುತ್ತಿದ್ದವನ ರಕ್ಷಣೆ" ಎಂಬ ಶೀರ್ಷಿಕೆ. ಕೆಳಗೆ ಫೋಟೋ: ನಡುವೆ ನೀರು ಸುರಿಸುತ್ತಾ ನಿಂತ ಅಪ್ಪ, ಕಾಲ ಬಳಿ ಕುಸಿದು ಕುಳಿತು ಏದುಸಿರು ಬಿಡುತ್ತಿರುವ ದೋಣಿಯವನು.

"ಪಾಪ, ಇವನೇನಾ ಮುಳುಗಿದೋನು?" ಎಂದರು ಇನ್ಶೂರೆನ್ಸ್, ದೋಣಿಯವನ ಮೇಲೆ ಬೆರಳಿಟ್ಟು. "ನೋಡಿ, ಹೆಂಗೆ ಸುಸ್ತಾಗಿದಾನೆ! ನೀವು ಮಾತ್ರ ಕಂಬದ ಹಾಗೆ ನಿಂತಿದೀರಿ. 'ಹೆಸರು ಹೇಳಲು ನಿರಾಕರಿಸಿದರು' ಅಂತ ಬೇರೆ ಬರೆದಿದಾರೆ. ದೊಡ್ಡತನ ಅಂದ್ರೆ ಇದು ಸಾರ್!"

ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಇನ್ಶೂರೆನ್ಸ್ ಬೀದಿಯ ತುದಿ ತಲುಪಿದ್ದರು.

ಎರಡನೆಯ ವಾರ ಕಲ್ಲುಗಣಿಯ ಹೊಂಡ. ಲಾಡ್ಜಿನ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬೆಡ್‌ಶೀಟುಗಳಿಗೆ ಗಂಟು ಹಾಕಿ ಎಸೆದರು. "ಸ್ವಲ್ಪ ಬೇಗ ಎಳೀರಮ್ಮಾ, ನಮ್ಮ ಬಸ್ಸಿಗೆ ಹೊತ್ತಾಯ್ತು," ಎಂದಳು ಅಮ್ಮ. ಮೂರನೆಯ ವಾರ ಕಾಲುವೆ; ಲಾರಿ ಡ್ರೈವರೊಬ್ಬ ಚಕ್ರದ ಟ್ಯೂಬು ಎಸೆದ. ನಾಲ್ಕನೆಯ ವಾರ ಅಣೆಕಟ್ಟಿನ ಹಿನ್ನೀರು. ಅಲ್ಲಿ ಕಟ್ಟುಮಸ್ತಾದ ಹುಡುಗನೊಬ್ಬ ಅಂಗಿ ಕಿತ್ತೆಸೆದು ಹಾರಿದ. ಅಪ್ಪ ಅವನ ಕತ್ತು ತಬ್ಬಿಕೊಂಡರು. ಇಬ್ಬರೂ ಒಟ್ಟಿಗೆ ಕಾಣೆಯಾದರು. ಮೀನುಗಾರನೊಬ್ಬ ಬಲೆ ಬೀಸಿ ಇಬ್ಬರನ್ನೂ ಒಂದೇ ಸಲಕ್ಕೆ ತೆಗೆದ.

ಅವತ್ತು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು.

"ನೋಡಮ್ಮಾ," ಎಂದರು ಕೊನೆಗೆ ನನಗೆ, "ಹುಟ್ಟು ತಲೆಗೆ ಬಡಿಯುತ್ತೆ. ಬೆಡ್‌ಶೀಟು ಕೈಯಿಂದ ಜಾರುತ್ತೆ. ಟ್ಯೂಬು ಪರವಾಗಿಲ್ಲ. ಆದ್ರೆ ಈ ಹಾರ್ತಾರಲ್ಲ, ಅದು ಶುದ್ಧ ತಪ್ಪು. ನಾನು ಒಬ್ಬನೇ ಇದ್ದಿದ್ರೆ ಒಂದು ನಿಮಿಷ ತೇಲ್ತಿದ್ದೆ. ಅವನು ಬಂದು ಮುಳುಗಿಸಿಬಿಟ್ಟ."

"ನೀವೇ ಅಲ್ವಾ ಅಪ್ಪಾ ಕತ್ತು ಹಿಡಿದದ್ದು?"

"ಮುಳುಗೋನು ಇನ್ನೇನು ಹಿಡಿಯಬೇಕು, ಹೂವಿನ ಗುಚ್ಛಾನಾ?"

ಐದನೆಯ ವಾರ ಹೋಟೆಲೊಂದರ ಕೊಳ, ನಾಲ್ಕಡಿ ನೀರು. ಅಲ್ಲಿ ಅಪ್ಪ ಮುಳುಗುತ್ತಿದ್ದಾಗ ಮಾಣಿ ಬಿಸಿಲುಕೊಡೆಯ ಕೋಲು ಚಾಚಿದ. ಅಪ್ಪ ನೀರು ಉಗುಳುತ್ತಲೇ ಅವನನ್ನು ತಿದ್ದಿದರು: "ಎದೆಗೆ ಚುಚ್ಚಬಾರದಪ್ಪಾ. ಪಕ್ಕದಿಂದ ತರಬೇಕು. ನೀನು ಬೋರಲು ಮಲಗಿ ಕೊಡು, ಇಲ್ಲದಿದ್ರೆ ನಿನ್ನನ್ನೂ ಎಳೆದುಬಿಡ್ತೀನಿ." ಮಾಣಿ ಹಾಗೇ ಮಾಡಿದ. ಅಪ್ಪ ಮೇಲೆ ಬಂದು, "ಈಗ ಸರಿಹೋಯ್ತು," ಎಂದು ಅವನ ಬೆನ್ನು ತಟ್ಟಿದರು. ಇಷ್ಟು ತೃಪ್ತಿಯಿಂದ ಮುಳುಗಿದವರನ್ನು ನಾನು ಬೇರೆ ಕಂಡಿಲ್ಲ.

ಈಜು ಮಾತ್ರ ಬರಲೇ ಇಲ್ಲ.

ಅಷ್ಟರಲ್ಲಿ ಫೋಟೋಗಳು ಮೂರಾಗಿದ್ದವು. ಇನ್ಶೂರೆನ್ಸ್ ಅವನ್ನು ತಮ್ಮ ಗೇಟಿಗೆ ಅಂಟಿಸಿದ್ದರು. "ನಮ್ಮ ಎದುರುಮನೆಯೋರು," ಎಂದು ಹಾಲಿನವನಿಗೆ, ಗ್ಯಾಸಿನವನಿಗೆ, ಪಾಲಿಸಿ ಬೇಡವೆಂದು ಓಡಿಹೋಗುತ್ತಿದ್ದವರಿಗೆ ತೋರಿಸುತ್ತಿದ್ದರು. ಪ್ರತಿ ಶನಿವಾರ ಯಾರಾದರೂ ಎಲ್ಲಾದರೂ ಮುಳುಗುತ್ತಾರೆ, ಪ್ರತಿ ಸಲವೂ ಅಪ್ಪ ಅಲ್ಲಿರುತ್ತಾರೆ. ಇದನ್ನು ಜನ ದೈವಶಕ್ತಿ ಎಂದರು. ಮೇಲಿನ ಮನೆಯ ಟೀಚರಮ್ಮ ಅಮ್ಮನನ್ನು ಕೇಳಿದರು, "ಒಟ್ಟು ಎಷ್ಟು ಜನರನ್ನ ಉಳಿಸಿದ್ರು ನಿಮ್ಮ ಯಜಮಾನರು?"

"ನಾವು ಹೋದ ಕಡೆ ಯಾರೂ ಸತ್ತಿಲ್ಲ," ಎಂದಳು ಅಮ್ಮ. ಅವಳು ಸುಳ್ಳು ಹೇಳುವವಳಲ್ಲ.

ನಂಬದವನು ಒಬ್ಬನೇ: ಅಮ್ಮನ ತಮ್ಮ, ನನ್ನ ಮಾವ. ಅವನದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಸದಾ ಒಂದು ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಲೋಕವನ್ನೆಲ್ಲ ಬಿಚ್ಚಿದ ಗಡಿಯಾರದಂತೆ ನೋಡುತ್ತಿದ್ದ. ಒಂದು ಭಾನುವಾರ ಇನ್ಶೂರೆನ್ಸ್ ಗೇಟಿನ ಮುಂದೆ ನಿಂತು ಮೂರೂ ಫೋಟೋಗಳನ್ನು ಆ ಗಾಜಿನಲ್ಲಿ ಪರೀಕ್ಷಿಸಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕರೆದ:

"ಭಾವಾ! ಸ್ವಲ್ಪ ಬನ್ನಿ ಇಲ್ಲಿ."

ಅಪ್ಪ ಹೋದರು. ಹಿಂದೆ ಬೀದಿಯೂ ಹೋಯಿತು.

"ಮೂರು ಫೋಟೋದಲ್ಲೂ ನೀವು ಬರಿಗಾಲಲ್ಲಿ ಇದೀರಿ."

"ಇದ್ರೆ?"

"ಉಳಿಸೋಕೆ ಹಾರೋನು ಚಪ್ಪಲಿ ದಡದಲ್ಲಿ ಬಿಟ್ಟು ಹಾರ್ತಾನೆ. ಆಮೇಲೆ ಬಂದು ಹಾಕ್ಕೋತಾನೆ. ಮುಳುಗೋನ ಚಪ್ಪಲಿ ಮಾತ್ರ ನೀರಿಗೆ ಹೋಗುತ್ತೆ. ಪ್ರತಿ ಸೋಮವಾರ ನಿಮಗೆ ಹೊಸ ಚಪ್ಪಲಿ ಯಾಕೆ ಬೇಕು ಭಾವ?"

ಬೀದಿಯೆಲ್ಲ ಅಪ್ಪನ ಕಾಲು ನೋಡಿತು. ನನ್ನ ಕಣ್ಣ ಮುಂದೆ ಹಾಸ್ಟೆಲಿನ ಊಟದ ತಟ್ಟೆ ಒಮ್ಮೆ ಬಂದು ಹೋಯಿತು. ಅಪ್ಪ ದೂರು ವಿಭಾಗದ ಧ್ವನಿಯಲ್ಲಿ, ಶಾಂತವಾಗಿ ಕೇಳಿದರು:

"ಒಂದು ಜೀವ ಹೋಗ್ತಾ ಇರುವಾಗ ಚಪ್ಪಲಿ ಬಿಚ್ಚಿಡೋಕೆ ಹೊತ್ತೆಲ್ಲಿರುತ್ತಯ್ಯಾ?"

"ಕೇಳಿದ್ರಾ!" ಇನ್ಶೂರೆನ್ಸ್ ಗೇಟಿನ ಮೇಲೆ ಹತ್ತಿಯೇಬಿಟ್ಟರು. "ಚಪ್ಪಲಿ ಸಮೇತ ಹಾರ್ತಾರೆ! ಚಪ್ಪಲಿ ಸಮೇತ!"

ಜನ ಚಪ್ಪಾಳೆ ತಟ್ಟಿದರು. ಮಾವ ಭೂತಗನ್ನಡಿ ತೆಗೆದು ಒರೆಸಿ ಜೇಬಿಗಿಟ್ಟುಕೊಂಡ. "ಪರೀಕ್ಷೆ ದಿನ ನಾನೂ ಬರ್ತೀನಿ ಭಾವ. ಹತ್ತಿರದಿಂದಲೇ ನೋಡ್ತೀನಿ."

ಪರೀಕ್ಷೆಯ ದಿನ ಬಂದೇ ಬಂತು. ಹಿಂದಿನ ದಿನ ಫ್ಲಾಸ್ಕ್ ಕಂಪನಿಗೆ ಬೀಗ ಬಿದ್ದಿತ್ತು. ಮೇಜು ಖಾಲಿ ಮಾಡಿಕೊಂಡು ಅಪ್ಪ ಮನೆಗೆ ತಂದದ್ದು ಒಂದು ಪೆನ್ನು ಸ್ಟ್ಯಾಂಡು ಮತ್ತು ಮುಚ್ಚಳವಿಲ್ಲದ ಒಂದು ಫ್ಲಾಸ್ಕ್. ಇನ್ನು ಹಿಂದಕ್ಕೆ ಹೋಗಲು ಕೆಲಸವಿರಲಿಲ್ಲ.

ಕೊಳದ ಸುತ್ತ ಬೀದಿಗೆ ಬೀದಿಯೇ ನೆರೆದಿತ್ತು. ಆರೋಗ್ಯಾಧಿಕಾರಿಗಳು ಕೊರಳಿಗೆ ಸೀಟಿ ಹಾಕಿಕೊಂಡು ಕುರ್ಚಿಯಲ್ಲಿದ್ದರು. ಸ್ಪರ್ಧೆಗೆ ಅಪ್ಪನಲ್ಲದೆ ಇನ್ನೂ ಮೂವರು: ಒಬ್ಬರು ಹೈಸ್ಕೂಲಿನ ವ್ಯಾಯಾಮ ಮೇಷ್ಟ್ರು, ಹೆಗಲು ಬಾಗಿಲಿನಷ್ಟು ಅಗಲ, ಇನ್ನಿಬ್ಬರು ಕಾಲೇಜು ತಂಡದ ಈಜುಗಾರರು. ಮೊದಲು ಬರವಣಿಗೆಯ ಪರೀಕ್ಷೆ. ಮೇಷ್ಟ್ರು ಅರ್ಧ ಪುಟ ಬರೆದು ಪೆನ್ನು ಕಚ್ಚಿದರು. ಅಪ್ಪ ಎರಡು ಸಲ ಹೆಚ್ಚಿನ ಹಾಳೆ ಕೇಳಿದರು. ಅಧಿಕಾರಿಗಳು ಓದುತ್ತಾ ಓದುತ್ತಾ ನೆಟ್ಟಗೆ ಕುಳಿತರು.

"ಇದನ್ನೆಲ್ಲ ಎಲ್ಲಿ ಓದಿದ್ರಿ? 'ಟ್ಯೂಬು ಬಂದು ಮುಖಕ್ಕೆ ಬಡಿದಾಗ ಮುಳುಗುವವನಿಗೆ ಮೊದಲು ಬರುವುದು ಕೃತಜ್ಞತೆಯಲ್ಲ, ಸಿಟ್ಟು' ಅಂತ ಬರೆದಿದೀರಲ್ಲ!"

"ಸ್ವಂತ ಅನುಭವ ಸಾರ್."

"ಭೇಷ್. ಈಗ ಎಲ್ಲರೂ ಇಳೀರಿ. ಮೊದಲು ಹತ್ತು ಸುತ್ತು ಈಜು."

ಮೇಷ್ಟ್ರು ಮೈ ಕುಣಿಸಿಕೊಂಡು ಅಂಚಿಗೆ ಬಂದರು. ಹುಡುಗರಿಬ್ಬರು ಕೈ ತಿರುಗಿಸಿದರು. ಅಪ್ಪ ಎರವಲು ಚಡ್ಡಿಯಲ್ಲಿ ನಿಂತು ನೀರನ್ನು ನೋಡಿದರು. ಆಮೇಲೆ ಆಕಾಶ ನೋಡಿದರು. ಆಮೇಲೆ ಅಮ್ಮನ ಕಡೆ ನೋಡಿದರು. ಅಮ್ಮ ಬ್ಯಾಗಿನಿಂದ ಟವೆಲು ತೆಗೆದಿಟ್ಟಳು.

"ಹೂಂ ಭಾವ, ಇಳೀರಿ, ನೋಡೋಣ!" ಮಾವ ಆಳದ ಕಡೆಯ ಅಂಚಿಗೆ ಬಂದು ನಿಂತಿದ್ದ. ಕಣ್ಣಿಗೆ ಭೂತಗನ್ನಡಿ ಏರಿಸಿ, ಒಂದು ಹನಿಯೂ ತಪ್ಪಿಹೋಗಬಾರದೆಂದು ಮುಂದಕ್ಕೆ ಬಾಗಿದ. ಆ ಗಾಜಿನಲ್ಲಿ ನೋಡುವವನಿಗೆ ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ, ಕಾಲ ಕೆಳಗಿನ ಒದ್ದೆ ಕಾಣುವುದೇ ಇಲ್ಲ.

ಮಾವ ಬಿದ್ದ.

ನಮ್ಮ ಬೀದಿಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ ಎಂದು ಮೊದಲೇ ಹೇಳಿದ್ದೇನೆ. ಮಾವನದು ಪಕ್ಕದ ಬೀದಿ, ಆದರೆ ಸ್ಥಿತಿ ಅದೇ.

ಮೇಷ್ಟ್ರು "ಬಿಡಿ ಬಿಡಿ, ನಾನಿದೀನಿ!" ಎಂದು ಹಾರಿದರು. ಮಾವ ಅವರ ಕತ್ತನ್ನು ಬಿಗಿದಪ್ಪಿದ. ಅಗಲವಾದ ಹೆಗಲು ಹೋಗಿ ತಳ ಮುಟ್ಟಿತು. ಹುಡುಗರಿಬ್ಬರೂ ಹಾರಿದರು. ಒಬ್ಬನ ಕಾಲು ಮೇಷ್ಟ್ರ ಕೈಗೆ ಸಿಕ್ಕಿತು, ಇನ್ನೊಬ್ಬನ ಕೂದಲು ಮಾವನ ಕೈಗೆ. ನೋಡುನೋಡುತ್ತಿದ್ದಂತೆ ನಾಲ್ವರೂ ಒಂದೇ ಗಂಟಾಗಿ, ಸರದಿಯ ಮೇಲೆ ತಲೆ ಎತ್ತಿ, ಸರದಿಯ ಮೇಲೆ ನೀರು ಕುಡಿಯತೊಡಗಿದರು.

"ಹಾರಿ ಸಾರ್!" ಎಂದು ಇನ್ಶೂರೆನ್ಸ್ ಕಿರುಚಿದರು. "ಚಪ್ಪಲಿ ಸಮೇತ ಹಾರಿ!"

"ಹಾರಿ! ಹಾರಿ!" ಎಂದಿತು ಬೀದಿ. ಆರೋಗ್ಯಾಧಿಕಾರಿಗಳ ಸೀಟಿ ಬಾಯಲ್ಲಿಯೇ ಸಿಕ್ಕಿಕೊಂಡು ಉಸಿರಾಡಿದಾಗಲೆಲ್ಲ ಕೂಗುತ್ತಿತ್ತು.

ಅಪ್ಪ ಹಾರಲಿಲ್ಲ.

ಹಾರಲಿಲ್ಲ ಎನ್ನುವುದಕ್ಕಿಂತ, ಹಾರುವ ಪ್ರಶ್ನೆಯೇ ಅವರಿಗೆ ಬಂದಂತೆ ಕಾಣಲಿಲ್ಲ. ಗೋಡೆಯ ಬಳಿ ಹೋಗಿ, ಕೊಳದ ಕಸ ತೆಗೆಯುವ ಉದ್ದ ಕೋಲು ತಂದರು. ಅಂಚಿನಲ್ಲಿ ಬೋರಲು ಮಲಗಿದರು. ಬೇಸಿಗೆಯೆಲ್ಲ ಬೆಂಚಿನ ಮೇಲೆ ಮಲಗಿದ ಮೈ, ನೆಲಕ್ಕೆ ಹಲ್ಲಿಯ ಹಾಗೆ ಅಂಟಿಕೊಂಡಿತು. ಕೋಲನ್ನು ಪಕ್ಕದಿಂದ ತಂದು ಮಾವನ ಕೈಗೆ ತಾಗಿಸಿದರು. ಮಾವ ಕಣ್ಣು ಮುಚ್ಚಿಕೊಂಡು ಎಲ್ಲರನ್ನೂ ಬಡಿಯುತ್ತಿದ್ದ. ಆಗ ಅಪ್ಪ, ಇಪ್ಪತ್ತು ವರ್ಷ ಫೋನಿನಲ್ಲಿ ಅರಚುವವರನ್ನು ಪಳಗಿಸಿದ ಅದೇ ಧ್ವನಿಯಲ್ಲಿ ಹೇಳಿದರು:

"ನಿಮ್ಮ ದೂರು ನಮಗೆ ತಲುಪಿದೆ. ಯಾರೂ ಕೈ ಬೀಸಬೇಡಿ. ಎಲ್ಲರದೂ ಆಗುತ್ತೆ, ಒಬ್ಬೊಬ್ಬರಾಗಿ. ಮೊದಲು ಗಡಿಯಾರದೋರು. ಕೋಲು ಹಿಡೀರಿ. ಮೇಷ್ಟ್ರ ಕತ್ತು ಬಿಡಿ. ಬಿಡಿ ಅಂದೆ. ಥ್ಯಾಂಕ್ಯೂ."

ಮಾವ ಬಿಟ್ಟ. ಆ ಧ್ವನಿಗೆ ಯಾರಾದರೂ ಬಿಡುತ್ತಾರೆ, ಕಂಪನಿಯ ವಿರುದ್ಧ ಕೋರ್ಟಿಗೆ ಹೋಗುತ್ತೇನೆ ಎಂದವರೇ ಬಿಟ್ಟಿದ್ದಾರೆ. ಅಪ್ಪ ಅವನನ್ನು ಎಳೆದರು, ಅಮ್ಮ ರಟ್ಟೆ ಹಿಡಿದು ಮೇಲೆ ಹಾಕಿದಳು. ಆಮೇಲೆ ಮೇಷ್ಟ್ರು. ಆಮೇಲೆ ಹುಡುಗರು. ಕೊನೆಯವನು ತಾನೇ ಈಜಿ ಬರುತ್ತೇನೆ ಎಂದ. "ಸರದಿ ತಪ್ಪಿಸಬೇಡಿ," ಎಂದು ಅಪ್ಪ ಅವನಿಗೂ ಕೋಲು ಕೊಟ್ಟರು.

ನಾಲ್ವರೂ ಅಂಚಿನಲ್ಲಿ ಸಾಲಾಗಿ ಬಿದ್ದುಕೊಂಡು ಕೆಮ್ಮಿದರು. ಮಾವನ ಬಾಯಿಂದ ಮೊದಲು ನೀರು ಬಂತು, ಆಮೇಲೆ ಮಾತು.

"ಭಾವ... ನೀವು ಹಾರಲೇ ಇಲ್ಲ."

"ಹಾರಿದೋರು ನಿನ್ನ ಪಕ್ಕದಲ್ಲಿ ಮಲಗಿದಾರೆ, ನೋಡು," ಎಂದರು ಅಪ್ಪ.

ಆರೋಗ್ಯಾಧಿಕಾರಿಗಳು ಸೀಟಿ ಕಿತ್ತುಕೊಂಡು ಎದ್ದು ಬಂದರು. ತಮ್ಮ ನಿಯಮಗಳ ಪುಸ್ತಕ ತೆರೆದು, ಜನರ ಮುಂದೆಯೇ ಓದಿದರು: ಮೊದಲು ಕೋಲು ಚಾಚಬೇಕು, ಆಗದಿದ್ದರೆ ತೇಲುವುದನ್ನು ಎಸೆಯಬೇಕು, ನೀರಿಗಿಳಿಯುವುದು ಕಟ್ಟಕಡೆಯ ಉಪಾಯ. ಮೇಷ್ಟ್ರು ತಲೆ ತಗ್ಗಿಸಿದರು. ಅಧಿಕಾರಿಗಳು ಅಪ್ಪನ ಕಡೆ ತಿರುಗಿ, "ನಿಮ್ಮದು ಅಕ್ಷರಶಃ ಸರಿ. ಇನ್ನು ಆ ಹತ್ತು ಸುತ್ತಿನ ಈಜು ಒಂದು..." ಎಂದು ತೊಡಗಿದರು.

ಅಪ್ಪನ ಮುಖದ ಬಣ್ಣ ಹೋಯಿತು.

"ಏನ್ ಸಾರ್ ಇದು!" ಇನ್ಶೂರೆನ್ಸ್ ನಡುವೆ ನುಗ್ಗಿದರು. "ಈಜೋರು ಮೂರು ಜನ ಇಲ್ಲಿ ನೀರು ಕಕ್ತಾ ಇದಾರೆ. ಅವರನ್ನ ಎತ್ತಿದೋರಿಗೆ ಈಜು ಪರೀಕ್ಷೆನಾ? ಮರ್ಯಾದೆ ಬೇಡ್ವಾ?"

"ಮರ್ಯಾದೆ ಬೇಡ್ವಾ?" ಎಂದಿತು ಬೀದಿ, ಒಂದೇ ಕಂಠದಲ್ಲಿ.

ಅಧಿಕಾರಿಗಳು ಬೀದಿಯನ್ನು ನೋಡಿದರು. ಮೇಷ್ಟ್ರನ್ನು ನೋಡಿದರು. ಮೇಷ್ಟ್ರೇ ಕೆಮ್ಮುತ್ತಾ ಹೇಳಿದರು, "ನನಗೆ ಈಜು ಕಲಿಸೋ ಕೆಲಸ ಕೊಡಿ ಸಾರ್. ದಡದಲ್ಲಿ ಅವರೇ ಇರಲಿ. ಅವರಿದ್ರೆ ನನಗೂ ಧೈರ್ಯ." ಹಾಗೆಯೇ ಆಯಿತು. ಅಪ್ಪನ ಕೆಲಸಕ್ಕೆ ಒಂದು ಎತ್ತರದ ಕುರ್ಚಿ, ಒಂದು ಸೀಟಿ, ಒಂದು ಕೋಲು. ಬೀದಿ ಅವರನ್ನು ಮನೆಯವರೆಗೆ ಮೆರವಣಿಗೆಯಲ್ಲಿ ತಂದಿತು. ಮಾವ ಒದ್ದೆ ಬಟ್ಟೆಯಲ್ಲೇ ಎಲ್ಲರಿಗಿಂತ ಮುಂದೆ ನಡೆಯುತ್ತಾ, "ನಮ್ಮ ಭಾವ, ನಮ್ಮ ಸ್ವಂತ ಭಾವ," ಎಂದು ದಾರಿಹೋಕರಿಗೆಲ್ಲ ತಿಳಿಸಿದ.

ಗಲಾಟೆ ಮುಗಿದು ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಅಮ್ಮನ ಎದುರು ಕುಳಿತರು. ಗಂಟಲು ಸರಿಮಾಡಿಕೊಂಡರು.

"ನೋಡೇ, ಆ ಸೇತುವೆ ವಿಷಯ..."

"ಗೊತ್ತು ಬಿಡ್ರಿ," ಎಂದಳು ಅಮ್ಮ, ಟವೆಲು ಮಡಿಸುತ್ತಾ. "ಮದುವೆ ಮಾತುಕತೆಗೆ ಬಂದ ದಿನ ನಾಲ್ಕು ಹನಿ ಮಳೆಗೆ ಛತ್ರಿ ಬಿಚ್ಚಿಕೊಂಡು ಬಂದಿದ್ರಿ. ಹೊಳೆಗೆ ಹಾರೋ ಗಂಡಸು ಛತ್ರಿ ತರ್ತಾನಾ? ಅದಿರಲಿ, ಮುಂದಿನ ಶನಿವಾರ ಎಲ್ಲಿಗೆ?"

"ಇನ್ನೂ ಹೋಗಬೇಕಾ?"

"ಹೋಗಬೇಕು. ನೀವು ದಡದಲ್ಲೇ ಕೂತಿರಿ."

ಮಾರನೆಯ ಸಂಜೆ ಇನ್ಶೂರೆನ್ಸ್ ಹೊಸದಾಗಿ ಬಂದ ಬಾಡಿಗೆಯವರನ್ನು ಕರೆತಂದು, ಸೇತುವೆಯ ಕಥೆ ಹೇಳಿ ಎಂದು ದುಂಬಾಲುಬಿದ್ದರು. ಅಪ್ಪ ಹೇಳಿದರು. ಹೊಳೆ ಎಂದಿಗಿಂತ ಕಿರಿದಾಗಿತ್ತು. ಸೇತುವೆಯೂ ತಗ್ಗಾಗಿತ್ತು. ಮುದುಕ ಬಂದ ಮೇಲೆ ಕಥೆ ನಿಂತಿತು.

"ಹಸು ಸಾರ್, ಹಸು?" ಎಂದು ಇನ್ಶೂರೆನ್ಸ್ ನೆನಪಿಸಿದರು.

"ಹಸು ಇರಲಿಲ್ಲ," ಎಂದರು ಅಪ್ಪ.

ಆ ಬೇಸಿಗೆಯಲ್ಲಿ ನಾವು ಕಳೆದುಕೊಂಡದ್ದು ಇಷ್ಟು: ಬೆಂಚಿನ ಕಾಲು ಒಂದು, ಅಪ್ಪನ ಚಪ್ಪಲಿ ನಾಲ್ಕು ಜೊತೆ, ಮಾವನ ಭೂತಗನ್ನಡಿ ಒಂದು, ಅವನದೇ ಕೈಗಡಿಯಾರ ಒಂದು, ನೀರು ಕುಡಿದು ದಿಂಬಿನಂತೆ ಊದಿದ ಹಾಸ್ಟೆಲ್ ಲೈಬ್ರರಿಯ ಪುಸ್ತಕ ಒಂದು, ಹಸು ಒಂದು.